ಅಂತ್ಯ ಗೊತ್ತಿದ್ದೂ ಎಂಟು ಪುಸ್ತಕ ಓದುವುದೇಕೆ?

ಪ್ರಶ್ನೆ: ನನಗೆ 44 ವರ್ಷ. ದಾವಣಗೆರೆಯ ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ. ಟಿ.ವಿ. ಸರಣಿ ನೋಡಿದ ಕುತೂಹಲಕ್ಕೆ ಮಗಳ ಟ್ಯಾಬ್‌ನಲ್ಲಿ ಬ್ರಿಜರ್ಟನ್ ಎಂಬ ಇಂಗ್ಲಿಷ್ ಪ್ರಣಯ ಕಾದಂಬರಿಗಳನ್ನು ಓದಲು ಹಿಡಿದೆ. ಐದು ಮುಗಿದವು. ಮುಗಿದುಹೋದರೆ ಏನು ಮಾಡುವುದೆಂಬ ಭಯದಿಂದ ಆರನೆಯದನ್ನು ಬೇಕೆಂದೇ ಎಳೆಯುತ್ತಿದ್ದೇನೆ. ಕೆಲವು ರಾತ್ರಿ ಎರಡು ಗಂಟೆಯವರೆಗೂ ಓದಿದ್ದೇನೆ. ಹಿಂದೆ ನಾನು ತ.ರಾ.ಸು. ಅವರ ದುರ್ಗದ ಕಾದಂಬರಿಗಳನ್ನು ಸಾಲಾಗಿ ಓದಿದವಳು. ಈಗ ಕನ್ನಡ ಉಪನ್ಯಾಸಕರಾದ ನನ್ನ ಭಾವ, 'ಎಲ್ಲದರಲ್ಲೂ ಒಂದೇ ಕಥೆ, ಎಲ್ಲ ಸುಳ್ಳು ಇತಿಹಾಸ, ರುಚಿ ಕೆಡುತ್ತದೆ' ಎನ್ನುತ್ತಾರೆ. ಅವರು ಹೇಳುವುದರಲ್ಲಿ ನಿಜವಿದೆಯೇ? ಕೊನೆಗೆ ಮದುವೆಯಾಗುತ್ತದೆ ಎಂದು ಗೊತ್ತಿದ್ದೂ ಓದುತ್ತೇನಲ್ಲ, ಇದು ಚಟವೇ? ನನ್ನ ಸಂಸಾರ ಸಪ್ಪೆ ಅನಿಸತೊಡಗಿದರೆ? ಮೊದಲ ಪುಸ್ತಕದ ಒಂದು ದೃಶ್ಯ ಮಾತ್ರ ನನಗೆ ಬಹಳ ಕಸಿವಿಸಿ ಮಾಡಿತು. ಇವು ಮುಗಿದ ಮೇಲೆ ಏನು ಓದಬಹುದು, ಯಾವ ಕ್ರಮದಲ್ಲಿ ಎಂದೂ ತಿಳಿಸಿ.

ಉತ್ತರ: ನೀವು ಕೇಳಿರುವುದು ಆರೇಳು ಪ್ರಶ್ನೆ. ಅವುಗಳ ಅಡಿಯಲ್ಲಿರುವ ಅಳುಕು ಒಂದೇ: ಇಷ್ಟು ಸಲೀಸಾಗಿ ಸಿಗುವ ಖುಷಿ ಮರ್ಯಾದಸ್ಥ ಓದಿನದ್ದಾಗಿರಲು ಸಾಧ್ಯವೇ? ಇಂಗ್ಲಿಷ್ ಸಾಹಿತ್ಯ ಪಾಠ ಮಾಡಿಕೊಂಡು, ಓದುಗರ ಬಳಗ ನಡೆಸಿಕೊಂಡು ಬಂದವಳಾಗಿ ಈ ಅಳುಕನ್ನು ಬಹಳ ಹೆಂಗಸರ ಬಾಯಲ್ಲಿ ಕೇಳಿದ್ದೇನೆ. ಪತ್ತೇದಾರಿ ಕಾದಂಬರಿಗಳನ್ನು ಕಂತೆಗಟ್ಟಲೆ ಓದುವ ಗಂಡಸೊಬ್ಬನೂ ನನ್ನ ಬಳಿ ಬಂದು ಇದು ಚಟವೇ ಎಂದು ಕೇಳಿದ್ದಿಲ್ಲ.

ಅಂತ್ಯದ ವಿಷಯ ಮೊದಲು. ಪ್ರಣಯ ಕಾದಂಬರಿಗೆ ಎರಡೇ ಕಟ್ಟಳೆ: ಕಥೆಯ ನಡುವೆ ಪ್ರೇಮವಿರಬೇಕು, ಮುಕ್ತಾಯ ಭರವಸೆಯದ್ದಾಗಿರಬೇಕು. ಇವು ತಪ್ಪಿದರೆ ಅದು ಬೇರೆ ಬಗೆಯ ಕಾದಂಬರಿ, ಅಷ್ಟೇ. ಹಾಗಾಗಿ ಅಂತ್ಯ ಗೊತ್ತಿರುವುದು ದೋಷವಲ್ಲ, ಓದುಗರಿಗೆ ಮೊದಲೇ ಕೊಟ್ಟ ಮಾತು. ನೀವು 'ದುರ್ಗಾಸ್ತಮಾನ' ಓದಿದವರು. 1779ರಲ್ಲಿ ದುರ್ಗ ಹೈದರಾಲಿಯ ವಶವಾಗುತ್ತದೆ ಎಂಬುದು ಪುಸ್ತಕ ತೆರೆಯುವ ಮೊದಲೇ ನಿಮಗೆ ಗೊತ್ತಿತ್ತು. ಆದರೂ ಮದಕರಿ ನಾಯಕನ ಹಿಂದೆ ಕೊನೆಯ ಪುಟದವರೆಗೆ ಹೋದಿರಿ. ಭಾವನವರು ಅದನ್ನು ಚಟ ಎಂದರೇ? ತಾಳಮದ್ದಳೆಗೆ ಹೋಗುವವರು ಕೃಷ್ಣಸಂಧಾನ ಈ ಸಲವಾದರೂ ಫಲಿಸೀತೇ ಎಂದು ನೋಡಲು ಹೋಗುವುದಿಲ್ಲ. ಇಂದಿನ ಅರ್ಥಧಾರಿ ಕೌರವನ ಪಕ್ಷವನ್ನು ಹೇಗೆ ಹಿಡಿದು ನಿಲ್ಲುತ್ತಾನೆ, ಎದುರಿನವನು ಹೇಗೆ ಕಟ್ಟಿಹಾಕುತ್ತಾನೆ ಎಂದು ಕೇಳಲು ಹೋಗುತ್ತಾರೆ. ಒಳ್ಳೆಯ ಪ್ರಣಯ ಕಾದಂಬರಿಯ ಜೀವವೂ ಇಂಥ ವಾಗ್ವಾದದಲ್ಲಿಯೇ ಇದೆ. ಏನಾಗುತ್ತದೋ ಎಂಬ ಆತಂಕ ತೆಗೆದುಹಾಕಿದ ಮೇಲೆ ಯಾರು ಯಾವ ಮಾತಿಗೆ ಸೋತರು, ಯಾವ ಹಟ ಎಲ್ಲಿ ಸಡಿಲಿತು ಎಂದು ನೋಡಲು ಬಿಡುವು ಸಿಗುತ್ತದೆ.

ಆದರೆ ಇದು ಒಂಟಿ ಪುಸ್ತಕಕ್ಕೂ ಹೊಂದುವ ಮಾತು. ನಿಮ್ಮನ್ನು ಹಿಡಿದಿಟ್ಟಿರುವುದು ಸರಣಿ. ಅದರ ಸುಖ ಬೇರೆ ಜಾತಿಯದು. ನನ್ನ ಮಟ್ಟಿಗೆ ಅದು ಮದುವೆಯ ನಂತರ ಶುರುವಾಗುತ್ತದೆ.

ಒಂಟಿ ಪ್ರಣಯ ಕಾದಂಬರಿ ಮದುವೆಯ ಬಾಗಿಲಲ್ಲಿ ನಿಂತುಬಿಡುತ್ತದೆ. ಆಮೇಲೆ ಆ ಇಬ್ಬರು ಹೇಗೆ ಬಾಳಿದರು, ಅವನ ಮುಂಗೋಪ ಏನಾಯಿತು, ಅವಳ ಚುರುಕು ಮಾತು ಮಕ್ಕಳಾದ ಮೇಲೂ ಉಳಿಯಿತೇ ಎಂದು ಕೇಳುವಂತಿಲ್ಲ. ಸರಣಿಯಲ್ಲಿ ಕೇಳಬಹುದು. ಜೂಲಿಯಾ ಕ್ವಿನ್ 2000ದಿಂದ 2006ರವರೆಗೆ ಬರೆದ ಎಂಟು ಬ್ರಿಜರ್ಟನ್ ಕಾದಂಬರಿಗಳಲ್ಲಿ ಎಂಟು ಜನ ಒಡಹುಟ್ಟಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ. ಎರಡನೆಯ ಪುಸ್ತಕದ ನಾಯಕ ಆಂಟನಿಯನ್ನು ನೆನೆಯಿರಿ. ತಂದೆ ಜೇನುಹುಳು ಕಚ್ಚಿ ಸತ್ತ ವಯಸ್ಸನ್ನು ತಾನು ದಾಟುವುದಿಲ್ಲ ಎಂಬ ಭಯವನ್ನು ಒಳಗೇ ಇಟ್ಟುಕೊಂಡವನು. ಆ ಭಯವನ್ನು ನಾವು ಒಳಗಿನಿಂದ ಕಂಡಿದ್ದೇವೆ. ಮುಂದಿನ ಪುಸ್ತಕಗಳಲ್ಲಿ ಅವನು ತಮ್ಮ ತಂಗಿಯರ ಮೇಲೆ ಯಜಮಾನಿಕೆ ನಡೆಸುವ ಅಣ್ಣ ಮಾತ್ರ. ಅವರಿಗೆ ಅವನು ಕಿರಿಕಿರಿ. ನಮಗೆ ಅವನ ಒಳಗು ಗೊತ್ತು. ಒಬ್ಬನೇ ಮನುಷ್ಯನನ್ನು ಒಮ್ಮೆ ಅವನ ಎದೆಯೊಳಗಿಂದ, ಆಮೇಲೆ ಮನೆಯವರ ಕಣ್ಣಿನಿಂದ ನೋಡುವ ಅವಕಾಶ ಇದು. ಒಂಟಿ ಕಾದಂಬರಿ ಎಷ್ಟೇ ಶ್ರೇಷ್ಠವಾಗಿರಲಿ, ಇದನ್ನು ಕೊಡುವುದು ಅಪರೂಪ.

ಈ ಸುಖ ಇನ್ನೂ ದಟ್ಟವಾಗಿರುವುದು ಜಾರ್ಜೆಟ್ ಹೇಯರ್ ಬಳಿ. ಹತ್ತೊಂಬತ್ತನೆಯ ಶತಮಾನದ ಆರಂಭದ ಇಂಗ್ಲೆಂಡಿನಲ್ಲಿ ನಡೆಯುವ, 'ರೀಜೆನ್ಸಿ ರೊಮ್ಯಾನ್ಸ್' ಎಂದು ನಾವಿಂದು ಕರೆಯುವ ಇಡೀ ಪ್ರಕಾರಕ್ಕೆ ಅಡಿಗಲ್ಲು ಹಾಕಿದವರು ಅವರು. 1926ರ 'ದೀಸ್ ಓಲ್ಡ್ ಶೇಡ್ಸ್' ಕಾದಂಬರಿಯ ಜೋಡಿಗೆ ಹುಟ್ಟಿದ ಮಗ 1932ರ 'ಡೆವಿಲ್ಸ್ ಕಬ್' ಕಾದಂಬರಿಯ ನಾಯಕ. ಜೂಜು, ಪಿಸ್ತೂಲು, ಹುಡುಗಿಯನ್ನು ಹೊತ್ತೊಯ್ಯುವುದು, ಎಲ್ಲವೂ ಅವನದೇ. ಮೇರಿ ಎಂಬ ನಿಷ್ಠುರ ಹುಡುಗಿ ಅವನ ತೋಳಿಗೇ ಗುಂಡು ಹೊಡೆದು ಅವನನ್ನು ದಾರಿಗೆ ತರುತ್ತಾಳೆ. 1937ರ 'ಆನ್ ಇನ್‌ಫೇಮಸ್ ಆರ್ಮಿ' ನಡೆಯುವುದು 1815ರಲ್ಲಿ, ವಾಟರ್ಲೂ ಕದನದ ಹೊತ್ತಿನ ಬ್ರಸೆಲ್ಸ್‌ನಲ್ಲಿ. ಅದರ ನಾಯಕಿ ಬಾರ್ಬರಾ ಇವರ ಮೊಮ್ಮಗಳು. ನಡುವೆ ಒಂದು ಕಡೆ ಆ ಹಳೆಯ ಪುಂಡ ಮುದುಕನಾಗಿ, ಮೇರಿಯ ಜೊತೆ, ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಹಿಂದಿನ ಪುಸ್ತಕ ಓದದವರಿಗೆ ಅವರು ಯಾರೋ ಅಜ್ಜ ಅಜ್ಜಿ. ಓದಿದವರಿಗೆ ಆ ಮುದುಕಿಯ ಕೈಯಲ್ಲಿದ್ದ ಪಿಸ್ತೂಲು ನೆನಪಿರುತ್ತದೆ. ಇಂಥ ಕಡೆ ಲೇಖಕಿ ಏನನ್ನೂ ವಿವರಿಸಬೇಕಿಲ್ಲ, ನಾವು ಹೊತ್ತು ತಂದ ನೆನಪೇ ಆ ಕೆಲಸ ಮಾಡುತ್ತದೆ.

ಸರಣಿಗಳು ಹೀಗೆ ಹುಟ್ಟುವುದಕ್ಕೆ ಕಲೆಯಷ್ಟೇ ವ್ಯಾಪಾರವೂ ಕಾರಣ. ಒಂದು ಪುಸ್ತಕ ಹಿಡಿಸಿದವರು ಉಳಿದವನ್ನೂ ಕೊಳ್ಳುತ್ತಾರೆ, ಹೊಸದು ಬಂದಾಗ ಹಳೆಯವು ಮತ್ತೆ ಅಚ್ಚಾಗುತ್ತವೆ. ಆದ್ದರಿಂದ ಮೊದಲ ಪುಸ್ತಕದಲ್ಲಿಯೇ ಒಬ್ಬ ಒರಟು ಗೆಳೆಯ, ಒಬ್ಬ ನಗಿಸುವ ತಮ್ಮ, ಮೂಲೆಯಲ್ಲಿ ಕೂತು ಎಲ್ಲವನ್ನೂ ಗಮನಿಸುವ ಹುಡುಗಿ ಇಂಥವರನ್ನು ಬೀಜದಂತೆ ಬಿತ್ತಿರುತ್ತಾರೆ. ನೀವು ಗಮನಿಸಿರಬಹುದು, ಬ್ರಿಜರ್ಟನ್‌ನಲ್ಲಿ ಗಾಳಿಸುದ್ದಿಯ ಪತ್ರಿಕೆ ಬರೆಯುವ ಲೇಡಿ ವಿಸಲ್‌ಡೌನ್ ಯಾರು ಎಂಬ ಗುಟ್ಟು ಮೂರು ಪುಸ್ತಕ ದಾಟಿ ನಾಲ್ಕನೆಯದರಲ್ಲಿ ಬಯಲಾಗುತ್ತದೆ. ಇದು ಲೆಕ್ಕಾಚಾರವೇ. ಆದರೆ ಲೆಕ್ಕಾಚಾರದಿಂದ ಹುಟ್ಟಿದ್ದೆಲ್ಲ ಟೊಳ್ಳಲ್ಲ. ಲೀಸಾ ಕ್ಲೇಪಸ್ ಅವರ 'ವಾಲ್‌ಫ್ಲವರ್ಸ್' ಸರಣಿಯ ಎರಡನೆಯ ಪುಸ್ತಕದಲ್ಲಿ ಗೆಳೆಯನ ಭಾವೀ ಪತ್ನಿಯನ್ನೇ ಅಪಹರಿಸುವ ಖಳ ಸೇಂಟ್ ವಿನ್ಸೆಂಟ್, ಮೂರನೆಯದರಲ್ಲಿ ನಾಯಕ. ಮೊದಲು ಅವನನ್ನು ದ್ವೇಷಿಸಿರುವ ನಮ್ಮನ್ನು ಒಲಿಸಿಕೊಳ್ಳುವ ಕಷ್ಟದ ಕೆಲಸವನ್ನು ಆಕೆ ತಾವಾಗಿಯೇ ಮೈಮೇಲೆ ಎಳೆದುಕೊಂಡಿದ್ದಾರೆ. ಅವನನ್ನು ಮದುವೆಯಾಗು ಎಂದು ಕೇಳಿಕೊಂಡು ಬರುವ ತೊದಲುವ ಹುಡುಗಿ ಈವಿ ಆ ಕೆಲಸವನ್ನು ನಮ್ಮ ಪರವಾಗಿ ಮಾಡುತ್ತಾಳೆ. ಮುಂದೆ ಇನ್ನೊಂದು ಸರಣಿಯಲ್ಲಿ, 2017ರಲ್ಲಿ ಬಂದ 'ಡೆವಿಲ್ ಇನ್ ಸ್ಪ್ರಿಂಗ್' ಕಾದಂಬರಿಯಲ್ಲಿ, ಇವರ ಮಗನೇ ನಾಯಕ. ಈ ಇಬ್ಬರು ಮೂವತ್ತು ವರ್ಷ ಹಳೆಯ ದಾಂಪತ್ಯವಾಗಿ ಅಲ್ಲಿ ಓಡಾಡುತ್ತಾರೆ.

ವ್ಯಾಪಾರದ ಹಾನಿಯೂ ಇದೆ. ದೀರ್ಘ ಸರಣಿಗಳ ನಡುವೆ ಒಂದೆರಡು ಪುಸ್ತಕ ಬರಿಯ ತುಂಬುಸಾಮಗ್ರಿ. ಕೊನೆಯ ಪುಸ್ತಕಗಳಲ್ಲಿ ಹಿಂದಿನ ಜೋಡಿಗಳೆಲ್ಲ ಮಕ್ಕಳೊಂದಿಗೆ ಬಂದು, ಮುಖ ತೋರಿಸಿ, ನಕ್ಕು ಹೋಗುವ ಅಧ್ಯಾಯವೊಂದು ಇದ್ದೇ ಇರುತ್ತದೆ. ಅಲ್ಲಿ ಪುಟ ಹಾರಿಸಿ, ಯಾರೂ ಕೇಳುವುದಿಲ್ಲ.

ಇನ್ನು 'ಸುಳ್ಳು ಇತಿಹಾಸ'. ಭಾವನವರ ಮಾತಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ನಿಜವಿದೆ, ಆದರೆ ಅವರು ಎಣಿಸಿದ ಜಾಗದಲ್ಲಿ ಅಲ್ಲ.

ಸಣ್ಣ ವಿವರಗಳಲ್ಲಿ ಈ ಲೇಖಕಿಯರು ಬಹುಮಟ್ಟಿಗೆ ಜಾಗರೂಕರು. ರೀಜೆನ್ಸಿ ಎಂದರೆ ಮೂರನೆಯ ಜಾರ್ಜ್‌ನ ಬುದ್ಧಿ ಅಸ್ವಸ್ಥವಾಗಿ ಮಗ ಅವನ ಪರವಾಗಿ ಆಳಿದ 1811ರಿಂದ 1820ರವರೆಗಿನ ಕಾಲ. ಕುಲೀನರು ಪಾರ್ಲಿಮೆಂಟ್ ಅಧಿವೇಶನಕ್ಕಾಗಿ ಲಂಡನ್ನಿಗೆ ಬರುತ್ತಿದ್ದರು, ಹೆಣ್ಣುಮಕ್ಕಳ ಮದುವೆಯ ಹಂಗಾಮು ಅದಕ್ಕೆ ಹೊಂದಿಕೊಂಡು ನಡೆಯುತ್ತಿತ್ತು. ಕಿಂಗ್ ಸ್ಟ್ರೀಟಿನ ಆಲ್ಮ್ಯಾಕ್ಸ್ ಸಭಾಭವನಕ್ಕೆ ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂದು ಕೆಲವೇ ಶ್ರೀಮಂತ ಮಹಿಳೆಯರು ತೀರ್ಮಾನಿಸುತ್ತಿದ್ದುದು ನಿಜ. 1753ರ ವಿವಾಹ ಕಾಯ್ದೆಯಂತೆ ಇಂಗ್ಲೆಂಡಿನಲ್ಲಿ 21 ತುಂಬದವರು ಪರವಾನಗಿ ಪಡೆದು ಮದುವೆಯಾಗಲು ಹೆತ್ತವರ ಒಪ್ಪಿಗೆ ಬೇಕಿತ್ತು, ಸ್ಕಾಟ್ಲೆಂಡಿಗೆ ಆ ಕಾಯ್ದೆ ಅನ್ವಯಿಸುತ್ತಿರಲಿಲ್ಲ. ಆದ್ದರಿಂದಲೇ ಓಡಿಹೋಗುವ ಜೋಡಿಗಳೆಲ್ಲ ಗಡಿ ದಾಟಿದ ಕೂಡಲೇ ಸಿಗುವ ಗ್ರೆಟ್ನಾ ಗ್ರೀನ್ ಹಳ್ಳಿಗೆ ಗಾಡಿ ಓಡಿಸುವುದು.

ಸುಳ್ಳು ಇರುವುದು ಪ್ರಮಾಣದಲ್ಲಿ. ಆ ಕಾಲದ ಬ್ರಿಟನ್ನಿನಲ್ಲಿ ಕುಲೀನರ ಅತಿ ಮೇಲಿನ ಬಿರುದಾದ ಡ್ಯೂಕ್ ಪದವಿಯವರೇ ಬೆರಳೆಣಿಕೆಯಷ್ಟು, ಅವರಲ್ಲಿ ಹಲವರು ವಯಸ್ಸಾದ ಸಂಸಾರಿಗಳು. ಕಾದಂಬರಿಗಳಲ್ಲೋ ಮೂವತ್ತು ದಾಟದ, ಅವಿವಾಹಿತ, ಒಂದು ಹಲ್ಲೂ ಉದುರದ ಡ್ಯೂಕ್‌ಗಳು ಒಂದು ಪಟಾಲಂ ಕಟ್ಟುವಷ್ಟು ಸಿಗುತ್ತಾರೆ. ಇದು ನಿರಪಾಯಕಾರಿ ಸುಳ್ಳು. ಅಪಾಯಕಾರಿಯಾದದ್ದು ಮೌನ. ಮದುವೆಯಾದ ಹೆಣ್ಣಿನ ಆಸ್ತಿ, ಗಳಿಕೆ ಎಲ್ಲ ಕಾನೂನಿನ ಕಣ್ಣಿನಲ್ಲಿ ಗಂಡನದು. ಅದು ಬದಲಾಗತೊಡಗಿದ್ದು 1870 ಮತ್ತು 1882ರ ಕಾಯ್ದೆಗಳಿಂದ. ನ್ಯಾಯಾಲಯದಿಂದ ವಿಚ್ಛೇದನ ಪಡೆಯುವ ದಾರಿ ತೆರೆದದ್ದು 1857ರಲ್ಲಿ. ಅಂದರೆ ನಾಯಕಿ ಒಳ್ಳೆಯ ಗಂಡನನ್ನು ಆರಿಸಿಕೊಳ್ಳುವುದು ಆ ಕಾಲದಲ್ಲಿ ಹೃದಯದ ಮಾತಷ್ಟೇ ಆಗಿರಲಿಲ್ಲ, ಅವಳ ಬದುಕಿನ ಏಕೈಕ ದೊಡ್ಡ ಒಪ್ಪಂದ ಅದು. ಇದನ್ನು ತಲೆಯಲ್ಲಿಟ್ಟುಕೊಂಡು ಓದಿದರೆ ನೃತ್ಯಕೂಟದ ಹಗುರ ಹರಟೆಯೂ ಅಷ್ಟು ಹಗುರವಾಗಿ ಕೇಳಿಸುವುದಿಲ್ಲ.

ಇನ್ನೊಂದು ಮೌನ ದುಡ್ಡಿನ ಮೂಲದ್ದು. ಆ ಬಂಗಲೆಗಳನ್ನು ಕಟ್ಟಿದ ಹಣದಲ್ಲಿ ಕೆರಿಬಿಯನ್ನಿನ ಕಬ್ಬಿನ ತೋಟಗಳದ್ದೂ ಒಂದು ಪಾಲು. ಬ್ರಿಟನ್ ಗುಲಾಮರ ವ್ಯಾಪಾರ ನಿಷೇಧಿಸಿದ್ದು 1807ರಲ್ಲಿ, ತನ್ನ ವಸಾಹತುಗಳಲ್ಲಿ ಗುಲಾಮಗಿರಿ ತೊಡೆಯುವ ಕಾಯ್ದೆ ತಂದದ್ದು 1833ರಲ್ಲಿ. ಕಥೆಗಳು ನಡೆಯುವುದು ಸರಿಯಾಗಿ ಈ ನಡುವಿನ ವರ್ಷಗಳಲ್ಲಿ. ಇನ್ನೊಂದು ಪಾಲು ನಮ್ಮ ಕಡೆಯದು. ನಾಯಕಿಯರು ಉಡುವ ತೆಳು ಬಿಳಿ ಮಸ್ಲಿನ್, ಹೊದೆಯುವ ಕಾಶ್ಮೀರಿ ಶಾಲು ಎಲ್ಲಿಯವೆಂದು ಹೇಳಬೇಕಿಲ್ಲ. ಈ ಕಾದಂಬರಿಗಳ ಯುದ್ಧವೀರ ನಾಯಕರೆಲ್ಲ ಯಾರ ಸೈನ್ಯದಲ್ಲಿ ಹೋರಾಡಿ ಬಂದೆವೆಂದು ಬೀಗುತ್ತಾರೋ ಆ ವೆಲ್ಲಿಂಗ್ಟನ್, 1799ರಲ್ಲಿ ಇನ್ನೂ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಆಗಿದ್ದಾಗ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದವನು, ಆಮೇಲೆ ಆ ಊರಿನ ಆಡಳಿತ ನಡೆಸಿದವನು. ಅಲ್ಲಿಂದ ಲೂಟಿಯಾಗಿ ಹೋದ ಟಿಪ್ಪುವಿನ ಮರದ ಹುಲಿಯನ್ನು 1808ರಿಂದ ಲಂಡನ್ನಿನ ಲೆಡನ್‌ಹಾಲ್ ಬೀದಿಯ ಈಸ್ಟ್ ಇಂಡಿಯಾ ಕಂಪನಿಯ ಮನೆಯಲ್ಲಿ ಸಾರ್ವಜನಿಕರಿಗೆ ತೋರಿಸುತ್ತಿದ್ದರು. ಬಂದವರು ಹಿಡಿಕೆ ತಿರುಗಿಸಿ ಅದನ್ನು ಗುರುಗುಟ್ಟಿಸಿ, ಪಕ್ಕದಲ್ಲಿ ಓದುತ್ತ ಕೂತವರ ತಲೆ ಕೆಡಿಸುತ್ತಿದ್ದರಂತೆ. ಬ್ರಿಜರ್ಟನ್ ಮನೆಯ ಹುಡುಗಿಯೊಬ್ಬಳು ನಿಜವಾಗಿ ಬದುಕಿದ್ದರೆ ಒಂದು ಮಧ್ಯಾಹ್ನ ಅಲ್ಲಿಗೆ ಹೋಗಿರುತ್ತಿದ್ದಳು. ಕಾದಂಬರಿಗಳಲ್ಲಿ ಇಂಥ ಮಧ್ಯಾಹ್ನ ಸಿಗುವುದು ಕಡಿಮೆ.

ಟಿ.ವಿ. ಸರಣಿ ಈ ಕೊರತೆಯನ್ನು ತನ್ನದೇ ರೀತಿಯಲ್ಲಿ ತುಂಬಲು ಹೊರಟು, ಎರಡನೆಯ ಸೀಸನ್‌ನಲ್ಲಿ ನಾಯಕಿಯನ್ನು ಭಾರತದಿಂದ ಬಂದ ಶರ್ಮಾ ಕುಟುಂಬದವಳನ್ನಾಗಿ ಮಾಡಿತು. ಮೂಲದಲ್ಲಿ ಅವಳು ಕೇಟ್ ಶೆಫೀಲ್ಡ್. ರಾಣಿ ಶಾರ್ಲೆಟ್ ಕೂಡ ಮೂಲ ಕಾದಂಬರಿಗಳ ಪಾತ್ರವಲ್ಲ. ತೆರೆಯ ಮೇಲೆ ಇದು ಚೆಂದ. ಆದರೆ ಅದು ಹೀಗಿದ್ದಿದ್ದರೆ ಎಂಬ ಕಲ್ಪನೆ, ಇತಿಹಾಸವಲ್ಲ. ಪುಸ್ತಕ ಮತ್ತು ಟಿ.ವಿ. ಎರಡನ್ನೂ ಕಂಡವರು ಇವನ್ನು ಕಲಸಿಕೊಳ್ಳುವುದು ಸಾಮಾನ್ಯ.

'ರುಚಿ ಕೆಡುತ್ತದೆ' ಎಂಬ ಬೈಗುಳಕ್ಕೆ ಇನ್ನೂರು ವರ್ಷ ದಾಟಿದೆ. ರೀಜೆನ್ಸಿ ಕಾಲದ ಹೆಂಗಸರು ಬಾಡಿಗೆ ಗ್ರಂಥಾಲಯಗಳಿಂದ ಕಾದಂಬರಿ ತಂದು ಓದಿ ಇದೇ ಮಾತು ಕೇಳಿಸಿಕೊಂಡರು. ಜೇನ್ ಆಸ್ಟೆನ್ 'ನಾರ್ತಾಂಗರ್ ಆ್ಯಬಿ'ಯ ನಡುವೆ ಕಥೆ ನಿಲ್ಲಿಸಿ ಕಾದಂಬರಿ ಓದುವವರ ಪರವಾಗಿ ವಾದಿಸಿದ್ದು ಈ ಕಾರಣಕ್ಕೇ. ನಮ್ಮಲ್ಲಿಯೂ ತ್ರಿವೇಣಿ, ಎಂ.ಕೆ. ಇಂದಿರಾ ಅವರಂಥವರ ಕಾದಂಬರಿಗಳನ್ನು ಅಡುಗೆಮನೆಯ ಸಾಹಿತ್ಯ ಎಂದು ಬದಿಗೆ ಸರಿಸಿದವರೇ ಆಮೇಲೆ ಅವನ್ನು ಪಠ್ಯವಾಗಿ ಪಾಠ ಮಾಡಿದರು. ನಾನು ಕಂಡ ಹಾಗೆ ರುಚಿ ಕೆಡುವುದು ಒಂದೇ ಬಗೆಯದನ್ನು ಎಚ್ಚರವಿಲ್ಲದೆ ಓದಿದಾಗ. ಅದು ಯಾವ ಬಗೆಯದಾದರೂ ಸರಿ, ನವ್ಯ ಕಾವ್ಯವೂ ಹೊರತಲ್ಲ. ಮೊದಲ ಐದರಲ್ಲಿ ನಿಮಗೆ ಯಾವುದು ಹೆಚ್ಚು ಹಿಡಿಸಿತು, ಯಾವುದು ಬರಿಯ ಸಕ್ಕರೆ ಎಂದು ನೀವು ಹೇಳಬಲ್ಲಿರಾದರೆ ರುಚಿ ಕೆಲಸ ಮಾಡುತ್ತಿದೆ ಎಂದರ್ಥ. ಎಲ್ಲವೂ ಒಂದೇ ಥರ ಸಿಹಿ ಅನಿಸಿದರೆ ಮಾತ್ರ ಸ್ವಲ್ಪ ಬಿಡುವು ಕೊಡಿ.

ಸಂಸಾರ ಸಪ್ಪೆ ಅನಿಸುವ ಭಯ. ಓದುಗರ ಬಳಗದಲ್ಲಿ ಈ ಮಾತು ಬಂದಾಗಲೆಲ್ಲ ನಾನು ಒಂದು ಪ್ರಶ್ನೆ ಕೇಳುತ್ತೇನೆ: ಆ ನಾಯಕನಲ್ಲಿ ನಿಮಗೆ ಹಿಡಿಸಿದ್ದು ಏನು? ಬಂಗಲೆ, ಕುದುರೆ, ಬಿರುದು ಎಂದು ಹೇಳಿದವರು ಕಡಿಮೆ. ಹೆಚ್ಚಿನವರ ಉತ್ತರ, ಅವಳು ಆಡಿದ ಮಾತನ್ನು ಅವನು ನೆನಪಿಟ್ಟುಕೊಳ್ಳುತ್ತಾನೆ ಎಂಬುದು. ಈ ಕಥೆಗಳ ನಿಜವಾದ ಕಲ್ಪನಾವಿಲಾಸ ಇದು: ಹೆಣ್ಣಿನ ಮಾತನ್ನು ಇಡಿಯಾಗಿ ಕೇಳಿಸಿಕೊಳ್ಳುವ ಗಂಡಸು. ಅಂಥ ಓದಿನ ಮಧ್ಯೆ ಮನೆಯವರ ಮೇಲೆ ಕಿರಿಕಿರಿ ಹುಟ್ಟಿದರೆ, ಅದು ಪುಸ್ತಕ ತಂದದ್ದೋ ಮೊದಲೇ ಇದ್ದು ಈಗ ಹೆಸರು ಸಿಕ್ಕಿದ್ದೋ ಎಂದು ನೋಡಿಕೊಳ್ಳಿ. ಎರಡನೆಯದಾದರೆ ಪುಸ್ತಕ ಮುಚ್ಚಿಟ್ಟರೂ ಅದು ಹೋಗುವುದಿಲ್ಲ, ಮಾತಾಡಿಯೇ ತೀರಬೇಕು. ನಿಮ್ಮ ಪತ್ರದಲ್ಲಿ ನನಗೆ ಅಂಥ ಬೇಸರ ಕಾಣಲಿಲ್ಲ, ಮುಂದೆ ಬಂದೀತು ಎಂಬ ಊಹೆ ಮಾತ್ರ ಇದೆ. ಹಾಗೆಂದು, ದಿನದಲ್ಲಿ ಮನಸ್ಸು ಭಾರವಿಲ್ಲದೆ ಇರುವುದು ಓದುವಾಗ ಮಾತ್ರ ಎಂಬ ಸ್ಥಿತಿ ಯಾರಿಗಾದರೂ ವಾರಗಟ್ಟಲೆ ಮುಂದುವರಿದರೆ ಅವರು ಕೇಳಬೇಕಾದದ್ದು ನನ್ನಂಥವರನ್ನಲ್ಲ, ವೈದ್ಯರನ್ನು.

ಕಸಿವಿಸಿ ಮಾಡಿದ ದೃಶ್ಯ ಯಾವುದೆಂದು ನೀವು ಬರೆದಿಲ್ಲವಾದರೂ ಊಹಿಸಬಲ್ಲೆ. ಮಗು ಬೇಡ ಎಂದು ನಿಶ್ಚಯಿಸಿದ ಗಂಡ ಕುಡಿದಿರುವಾಗ ಹೆಂಡತಿ ಅವನ ಇಚ್ಛೆಯನ್ನು ಮೀರುವ ಆ ಪುಟಗಳು 2000ದಲ್ಲಿ ಅಷ್ಟಾಗಿ ಗದ್ದಲ ಮಾಡಲಿಲ್ಲ. ಈಗ ಬಹಳ ಓದುಗರು ಅದನ್ನು ಬಲಾತ್ಕಾರ ಎಂದೇ ಓದುತ್ತಾರೆ, ನಾನೂ ಹಾಗೆಯೇ ಓದುತ್ತೇನೆ. ನಿಮ್ಮ ಕಸಿವಿಸಿ ಸರಿಯಾದದ್ದು. ಅದನ್ನು ಪುಸ್ತಕದ ಮೇಲಿನ ಪ್ರೀತಿಗಾಗಿ ನುಂಗಬೇಕಾಗಿಲ್ಲ. ಈ ಪ್ರಕಾರದ ಹಳೆಯ ಪುಸ್ತಕಗಳತ್ತ ಹೋದಷ್ಟೂ ಇಂಥವು ಹೆಚ್ಚು. ಅಮೆರಿಕದಲ್ಲಿ ದಪ್ಪ ಐತಿಹಾಸಿಕ ಪ್ರಣಯ ಕಾದಂಬರಿಗಳ ಅಲೆ ಎಬ್ಬಿಸಿದ ಕ್ಯಾಥ್ಲೀನ್ ವುಡಿವಿಸ್ ಅವರ 1972ರ 'ದಿ ಫ್ಲೇಮ್ ಅಂಡ್ ದಿ ಫ್ಲವರ್' ಕಾದಂಬರಿಯಲ್ಲಿ ನಾಯಕನೇ ಮೊದಲ ಭಾಗದಲ್ಲಿ ನಾಯಕಿಯ ಮೇಲೆ ಅತ್ಯಾಚಾರ ಮಾಡುತ್ತಾನೆ, ಆಮೇಲೆ ಅವಳು ಅವನನ್ನು ಪ್ರೀತಿಸುತ್ತಾಳೆ. ಹೆಣ್ಣು ತಾನಾಗಿ ಬಯಸಿದಳೆಂದು ಬರೆಯಲು ಅಂಜುತ್ತಿದ್ದ ಕಾಲ ಅದು ಎಂದು ಕೆಲವು ವಿಮರ್ಶಕರು ಸಮಜಾಯಿಷಿ ಕೊಡುತ್ತಾರೆ. ಕಾರಣವಾಗಿ ಅದು ಒಪ್ಪತಕ್ಕದ್ದೇ, ಓದಲೇಬೇಕೆಂಬ ಒತ್ತಾಯವಾಗಿ ಅಲ್ಲ. 1970, 80ರ ದಶಕದ ಪುಸ್ತಕಗಳನ್ನು ಕೈಗೆತ್ತಿಕೊಳ್ಳುವ ಮೊದಲು ಯಾರನ್ನಾದರೂ ಕೇಳಿಕೊಳ್ಳಿ.

ರಾತ್ರಿ ಎರಡು ಗಂಟೆಯ ವಿಷಯಕ್ಕೆ ನನ್ನ ಬಳಿ ಇರುವುದು ಒಂದು ಸಣ್ಣ ಉಪಾಯ. ಅಧ್ಯಾಯದ ಕೊನೆಯಲ್ಲಿ ನಿಲ್ಲಿಸಬೇಡಿ, ನಡುವೆ ನಿಲ್ಲಿಸಿ. ಅಧ್ಯಾಯದ ಕೊನೆಗಳನ್ನು ಬರೆದಿರುವುದೇ ನೀವು ಮುಂದಿನದಕ್ಕೆ ಕಾಲಿಡಲಿ ಎಂದು. ನಡುವಿನ ಯಾವುದೋ ಚಹಾ ಕುಡಿಯುವ ಪುಟದಲ್ಲಿ ಟ್ಯಾಬ್ ಮುಚ್ಚುವುದು ಎಷ್ಟು ಸುಲಭ ಎಂದು ನಿಮಗೇ ಆಶ್ಚರ್ಯವಾದೀತು. ಬ್ಯಾಂಕಿನ ಲೆಕ್ಕ ತಪ್ಪತೊಡಗುವವರೆಗೆ ಇದನ್ನು ಚಟ ಎಂದು ಕರೆಯುವುದು ಅತಿಯಾಯಿತು.

ಆರನೆಯದನ್ನು ಎಳೆಯುತ್ತಿರುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ, ಕಾರಣ ಆ ಪುಸ್ತಕವೇ. 'ವೆನ್ ಹೀ ವಾಸ್ ವಿಕೆಡ್' ಈ ಎಂಟರಲ್ಲಿ ಬಣ್ಣ ಬೇರೆಯಿರುವ ಕಾದಂಬರಿ. ಗಂಡನನ್ನು ಪ್ರೀತಿಸಿದ್ದ ಹೆಣ್ಣು ವಿಧವೆಯಾಗುತ್ತಾಳೆ. ಅವಳನ್ನು ಮೊದಲಿನಿಂದ ಗುಟ್ಟಾಗಿ ಬಯಸಿದ್ದ ಗಂಡನ ದಾಯಾದಿ ಆ ಪಾಪಪ್ರಜ್ಞೆ ತಾಳಲಾರದೆ ಭಾರತಕ್ಕೆ ಓಡಿಬರುತ್ತಾನೆ, ಮಲೇರಿಯ ಹೊತ್ತು ಹಿಂತಿರುಗುತ್ತಾನೆ. ಇಲ್ಲಿ ದುಃಖ ನಿಜವಾದದ್ದು. ತುಣುಕು ತುಣುಕಾಗಿ ಓದಿದರೆ ಅದು ಕೂಡಿಬರುವುದಿಲ್ಲ. ಇದರ ಘಟನೆಗಳ ಒಂದು ಭಾಗ ನಾಲ್ಕು ಮತ್ತು ಐದನೆಯ ಪುಸ್ತಕಗಳ ಕಾಲದಲ್ಲಿಯೇ ನಡೆಯುತ್ತದೆ. ಅಲ್ಲಿ ನಗುತ್ತಿದ್ದ ಮನೆಯ ಇನ್ನೊಂದು ಮೂಲೆಯಲ್ಲಿ ಇದು ನಡೆಯುತ್ತಿತ್ತು ಎಂದು ತಿಳಿಯುವುದೇ ಸರಣಿ ಕೊಡುವ ದೊಡ್ಡ ಏಟು. ಹಿಂದಿನವು ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ಮುಗಿಸಿ.

ಮುಗಿದ ಮೇಲೆ ಬರುವ ಖಾಲಿತನ ಸಹಜ. ಅಷ್ಟೂ ದಿನ ಜೊತೆಗಿದ್ದ ಮನೆಯೊಂದರಿಂದ ಹೊರಬಂದಿರುತ್ತೀರಿ. ಅದನ್ನು ಆ ಕ್ಷಣವೇ ಇನ್ನೊಂದು ಇಂಥದೇ ಸರಣಿಯಿಂದ ಮುಚ್ಚಿದರೆ ಹೊಸ ಸರಣಿಗೇ ಅನ್ಯಾಯ, ಏಕೆಂದರೆ ಪ್ರತಿ ಪಾತ್ರವನ್ನೂ ಹಳೆಯವರ ಪಕ್ಕ ನಿಲ್ಲಿಸಿ ಅಳೆಯುತ್ತೀರಿ. ನಡುವೆ ಬೇರೆ ಏನಾದರೂ ಓದಿ. ಕನ್ನಡದ್ದೇ ಬೇಕೆಂದರೆ ನಿಮ್ಮ ದುರ್ಗಕ್ಕೆ ಹಿಂತಿರುಗಿ, 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಮೂರನ್ನೂ ಒಟ್ಟಿಗೆ. ನಮ್ಮ ಐತಿಹಾಸಿಕ ಕಾದಂಬರಿ ಹೆಚ್ಚಾಗಿ ಗದ್ದುಗೆಯ ಸುತ್ತ ಸುತ್ತಿತು, ಪ್ರೇಮ ಅದರಲ್ಲಿ ಒಂದು ಎಳೆಯಾಯಿತು. ರೀಜೆನ್ಸಿ ಕಥೆಗಳಲ್ಲಿ ಸಿಂಹಾಸನ ದೂರದಲ್ಲೆಲ್ಲೋ ಇದ್ದು ಪಡಸಾಲೆ ಮುಂದೆ ಬರುತ್ತದೆ. ಎರಡನ್ನೂ ಬೆನ್ನುಬೆನ್ನಿಗೆ ಓದಿದಾಗ ಒಂದರಲ್ಲಿ ಏನಿಲ್ಲ ಎಂಬುದು ಇನ್ನೊಂದರಿಂದ ತಿಳಿಯುತ್ತದೆ.

ಆಮೇಲಿನ ದಾರಿಗಳು ಹಲವು. ಕ್ವಿನ್ ಅವರದೇ ಬೇಕೆಂದರೆ ಎಂಟೂ ಜೋಡಿಗಳ ಮುಂದಿನ ದಿನಗಳ ಕಿರುಕಥೆಗಳ ಸಂಕಲನ 2013ರಲ್ಲಿ ಬಂದಿದೆ. ಇದು ಮದುವೆಯ ನಂತರದ ಬದುಕೇ ಆದರೂ ತಿಕ್ಕಾಟ ಕಡಿಮೆ, ಒಮ್ಮೆಗೇ ಓದಿದರೆ ಬಾಯಿ ಕಟ್ಟುತ್ತದೆ. ಅದರಲ್ಲಿ ತಾಯಿ ವಯಲೆಟ್‌ಳ ಕಥೆಯೊಂದಿದೆ, ಅದನ್ನು ಬಿಡಬೇಡಿ. ಹಿಂದಿನ ತಲೆಮಾರಿನ 'ರೋಕ್ಸ್‌ಬಿ' ಸರಣಿ 2016ರಿಂದ 2020ರವರೆಗೆ ಬಂದ ನಾಲ್ಕು ಪುಸ್ತಕ. ಕ್ಲೇಪಸ್ ಇನ್ನಷ್ಟು ಬಿಸಿ, ಶಯ್ಯಾಗೃಹದ ಬಾಗಿಲು ಅಲ್ಲಿ ತೆರೆದೇ ಇರುತ್ತದೆ. ಟ್ಯಾಬ್ ಮಗಳದು ಎಂಬುದು ನೆನಪಿರಲಿ. ಹೇಯರ್ ಬಳಿ ಆ ಬಾಗಿಲು ಮುಚ್ಚಿದೆ, ಮಾತಿನ ಚಮತ್ಕಾರ ಬೇರೆಲ್ಲೂ ಸಿಗದಷ್ಟಿದೆ, ಆದರೆ ಆ ಕಾಲದ ಪಡ್ಡೆ ಇಂಗ್ಲಿಷ್ ಮೊದಲ ಐವತ್ತು ಪುಟ ತಿಣುಕಿಸುತ್ತದೆ. ಕುಲೀನರ ಪೂರ್ವಗ್ರಹಗಳನ್ನು ಆಕೆ ಪ್ರಶ್ನಿಸುವುದಿಲ್ಲ. 1950ರ 'ದಿ ಗ್ರ್ಯಾಂಡ್ ಸೋಫಿ'ಯಲ್ಲಿ ಯಹೂದಿ ಲೇವಾದೇವಿಗಾರನ ಚಿತ್ರಣ ಇಂದು ಓದಲು ಅಸಹ್ಯ.

ಒಂದೇ ಜೋಡಿಯನ್ನು ಪುಸ್ತಕದಿಂದ ಪುಸ್ತಕಕ್ಕೆ ಹಿಂಬಾಲಿಸುವ ಸರಣಿಗಳು ಇನ್ನೊಂದು ಬಗೆ. ಡಯಾನಾ ಗ್ಯಾಬಲ್ಡನ್ 1991ರಲ್ಲಿ ಶುರು ಮಾಡಿದ 'ಔಟ್‌ಲ್ಯಾಂಡರ್', 1746ರ ಕಲೋಡನ್ ಕದನದ ಸುತ್ತಿನ ಸ್ಕಾಟ್ಲೆಂಡಿನಿಂದ ಹೊರಟು ಅಮೆರಿಕವನ್ನು ತಲುಪುತ್ತದೆ. ವಿನ್‌ಸ್ಟನ್ ಗ್ರಹಾಂ ಅವರ 'ಪೋಲ್ಡಾರ್ಕ್' 1945ರಿಂದ 2002ರವರೆಗೆ ಬಂದ ಹನ್ನೆರಡು ಕಾದಂಬರಿ, ಕಾರ್ನ್‌ವಾಲ್‌ನ ಗಣಿಗಳ ನಡುವಿನ ಸಂಸಾರ. ಇವೆರಡರಲ್ಲೂ ಮದುವೆ ಮೊದಲ ಪುಸ್ತಕದಲ್ಲಿಯೇ ಆಗಿಬಿಡುತ್ತದೆ, ಉಳಿದದ್ದೆಲ್ಲ ಆಮೇಲಿನ ಬದುಕು. ದಾಂಪತ್ಯದ ಬಗ್ಗೆ ಇವು ಹೆಚ್ಚು ಪ್ರಾಮಾಣಿಕ, ಅದಕ್ಕೇ ಹೆಚ್ಚು ನೋಯಿಸುತ್ತವೆ. ಎರಡರಲ್ಲೂ ಲೈಂಗಿಕ ಹಿಂಸೆಯ ಭಾಗಗಳಿವೆ, 'ಔಟ್‌ಲ್ಯಾಂಡರ್'ನಲ್ಲಿ ಅವು ದೀರ್ಘವಾಗಿವೆ.

ಡ್ಯೂಕ್‌ಗಳಾಚೆಗೆ ನೋಡುವ ಮನಸ್ಸಾದರೆ ಬೆವರ್ಲಿ ಜೆಂಕಿನ್ಸ್ ಇದ್ದಾರೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಕಪ್ಪು ಜನರ ಶಾಲೆ, ಊರು, ಹೋರಾಟಗಳ ನಡುವೆ ಪ್ರೇಮ ಕಟ್ಟುವವರು. ಭಾವನವರ ಇತಿಹಾಸದ ತಕರಾರಿಗೆ ಇವರಿಗಿಂತ ಒಳ್ಳೆಯ ಉತ್ತರವಿಲ್ಲ. ಕೋರ್ಟ್ನಿ ಮಿಲಾನ್ ಅವರ 'ದಿ ಹೆರೆಸ್ ಎಫೆಕ್ಟ್' ಕಾದಂಬರಿಯಲ್ಲಿ ಕೇಂಬ್ರಿಜ್‌ನಲ್ಲಿ ಕಾನೂನು ಓದುವ ಅಂಜನ್ ಭಟ್ಟಾಚಾರ್ಯ ಎಂಬ ಬಂಗಾಳಿ ಹುಡುಗನ ಪ್ರೇಮವೂ ಒಂದು ಎಳೆ. ಇಂಗ್ಲಿಷರ ನಡುವೆ ಅವನು ಅಳೆದು ತೂಗಿ ಆಡುವ ಒಂದೊಂದು ಮಾತೂ ನಮ್ಮವರಿಗೆ ಬೇಗ ತಟ್ಟುತ್ತದೆ.

ಕ್ರಮದ ಬಗ್ಗೆ: ಬ್ರಿಜರ್ಟನ್ ಪ್ರಕಟವಾದ ಕ್ರಮದಲ್ಲಿಯೇ ಸಾಗಿ, ಟಿ.ವಿ.ಯ ಕ್ರಮ ಹಿಡಿಯಬೇಡಿ, ಅಲ್ಲಿ ನಾಲ್ಕನೆಯ ಪುಸ್ತಕದ ಕಥೆ ಮೂರನೆಯ ಸೀಸನ್ ಆಗಿ ಬಂದಿದೆ. 'ರೋಕ್ಸ್‌ಬಿ' ಕಾಲದಲ್ಲಿ ಹಿಂದಿನದಾದರೂ ಎಂಟು ಮುಗಿದ ಮೇಲೆಯೇ ಓದುವುದು ಒಳ್ಳೆಯದು. 'ವಾಲ್‌ಫ್ಲವರ್ಸ್' ಸರಣಿಯ ಮೂರನೆಯದು ಬಹಳ ಹೆಸರಾದದ್ದು, ನೇರ ಅದಕ್ಕೇ ಹೋಗುವ ಆಸೆಯಾಗುತ್ತದೆ. ಎರಡನೆಯದನ್ನು ಓದದೆ ಹೋದರೆ ಆ ಖಳನನ್ನು ಕ್ಷಮಿಸುವ ಕಷ್ಟ ನಿಮಗೆ ಸಿಗುವುದಿಲ್ಲ. ಹೇಯರ್ ಅವರ ಹೆಚ್ಚಿನ ಕಾದಂಬರಿಗಳು ಬಿಡಿಬಿಡಿ, ಎಲ್ಲಿಂದಲಾದರೂ ಹಿಡಿಯಬಹುದು. ಮೇಲೆ ಹೇಳಿದ ಮೂರಕ್ಕೆ ಮಾತ್ರ ಕ್ರಮ ಬೇಕು. ಮೂರನೆಯದಕ್ಕೆ ಮೊದಲು 1935ರ 'ರೀಜೆನ್ಸಿ ಬಕ್' ಸೇರಿಸಿಕೊಳ್ಳಿ, ಅದರ ಜೋಡಿಯೂ ಬ್ರಸೆಲ್ಸ್‌ಗೆ ಬರುತ್ತದೆ. ಕೊಳ್ಳುವಾಗ ಮುಖಪುಟದ ಬೆನ್ನಿನ ಸಂಖ್ಯೆಯನ್ನೇ ನಂಬಬೇಡಿ, ಒಳಗೆ ಮೊದಲ ಮುದ್ರಣದ ವರ್ಷ ನೋಡಿ.